ಅರವತ್ತೊಂದನೆಯ ಸಾಲು

ಪ್ರಾಯೋಗಿಕ ಪರೀಕ್ಷೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ದಿವ್ಯಶ್ರೀ ಲ್ಯಾಬಿಗೆ ಬಂದಾಗ ಅನಂತಸ್ವಾಮಿ ಸರ್ ಆಗಲೇ ಸರ್ವರ್ ಕಂಪ್ಯೂಟರಿನ ಮುಂದೆ ಕೂತಿದ್ದರು. ಅದರಲ್ಲಿ ವಿಶೇಷವೇನೂ ಇರಲಿಲ್ಲ. ಬೇಲೂರಿನಿಂದ ಬೆಳಗಿನ ಬಸ್ಸು ಹಿಡಿದು, ಹಳೇಬೀಡು, ಜಾವಗಲ್ ದಾಟಿ ಅರಸೀಕೆರೆಗೆ ಬರುವ ಅವರು ಇಪ್ಪತ್ತಾರು ವರ್ಷಗಳಿಂದ ಎಲ್ಲರಿಗಿಂತ ಮೊದಲೇ ಬಂದು ಆ ಪಾಲಿಟೆಕ್ನಿಕ್ಕಿನ ಲ್ಯಾಬಿನ ಬೀಗ ತೆಗೆಯುತ್ತಿದ್ದರು. ಆದರೆ ಅಂದು ಅವರು ಫ್ಯಾನ್ ಹಾಕಿರಲಿಲ್ಲ, ಕಿಟಕಿ ತೆರೆದಿರಲಿಲ್ಲ. ಊಟದ ಡಬ್ಬಿಯ ಚೀಲ ಇನ್ನೂ ಹೆಗಲಿನಲ್ಲೇ ಇತ್ತು.

"ಗುಡ್ ಮಾರ್ನಿಂಗ್ ಸರ್," ಎಂದಳು ದಿವ್ಯಶ್ರೀ.

ಅವರು ತಿರುಗಲಿಲ್ಲ. ಕೀಬೋರ್ಡಿನ ಮೇಲೆ ಬೆರಳಾಡಿಸಿ ಎಂಟರ್ ಒತ್ತಿದರು, ಪರದೆಯನ್ನು ನೋಡಿದರು. ಮತ್ತೆ ಅದನ್ನೇ ಬರೆದು ಎಂಟರ್ ಒತ್ತಿದರು. ದಿವ್ಯಶ್ರೀ ಹತ್ತಿರ ಹೋಗಿ ನೋಡಿದಳು. ಒಂದೇ ಆಜ್ಞೆ ಹನ್ನೊಂದು ಸಲ, ಪ್ರತಿ ಆಜ್ಞೆಯ ಕೆಳಗೂ ಅದೇ ಉತ್ತರ: ಪರ್ಮಿಷನ್ ಡಿನೈಡ್.

ಅವರು ಓಡಿಸಲು ನೋಡುತ್ತಿದ್ದದ್ದು ತಾವೇ ಬರೆದ ಒಂದು ಶೆಲ್ ಸ್ಕ್ರಿಪ್ಟ್. ಕಂಪ್ಯೂಟರ್ ಒಂದಾದ ಮೇಲೊಂದರಂತೆ ಮಾಡಬೇಕಾದ ಕೆಲಸಗಳನ್ನು ಸಾಲುಸಾಲಾಗಿ ಬರೆದಿಟ್ಟ ಒಂದು ಫೈಲ್, ಅಷ್ಟೇ. ಆದರೆ ಆ ಲ್ಯಾಬ್ ನಡೆಯುತ್ತಿದ್ದದ್ದೇ ಅದರಿಂದ. ಬೆಳಿಗ್ಗೆ ಅದನ್ನು ಓಡಿಸಿದರೆ ಮೂವತ್ತು ಕಂಪ್ಯೂಟರುಗಳೂ ಹಿಂದಿನ ದಿನದ ಫೈಲುಗಳನ್ನು ಅಳಿಸಿಕೊಂಡು ಸಿದ್ಧವಾಗುತ್ತಿದ್ದವು. ಪರೀಕ್ಷೆಯ ದಿನ ಅದೇ ಸ್ಕ್ರಿಪ್ಟ್ ಒಬ್ಬೊಬ್ಬ ವಿದ್ಯಾರ್ಥಿಯ ಮುಂದೆ ಒಂದೊಂದು ಪ್ರಶ್ನೆ ಇಟ್ಟು, ಕೊನೆಗೆ ಉತ್ತರಗಳನ್ನೂ ಒಟ್ಟುಮಾಡುತ್ತಿತ್ತು. ಹದಿಮೂರು ವರ್ಷಗಳ ಹಿಂದೆ, ಜಾವಗಲ್ಲಿನಿಂದ ಬಂದು ಮೌಸ್ ಮುಟ್ಟಲೂ ಹೆದರುತ್ತಿದ್ದ ದಿವ್ಯಶ್ರೀಗೆ ಅವರು ಪಾಠ ಹೇಳಿದ್ದೂ ಅದೇ ಸ್ಕ್ರಿಪ್ಟನ್ನು ತೋರಿಸಿ. ಈಗ ಅವಳೂ ಅಲ್ಲೇ ಲೆಕ್ಚರರ್. ಆದರೂ ಆ ಕುರ್ಚಿಯಲ್ಲಿ ಅವಳು ಒಂದು ಸಲವೂ ಕೂತಿರಲಿಲ್ಲ.

"ಸರ್, ಪರ್ಮಿಷನ್ ಇಲ್ಲ ಅಂತಿದೆ," ಎಂದಳು ಮೆಲ್ಲಗೆ.

"ಗೊತ್ತು. ಗೊತ್ತು ನನಗೆ." ಮತ್ತೆ ಅದೇ ಆಜ್ಞೆ ಬರೆದರು. "ನೆನ್ನೆ ಓಡ್ತಲ್ಲಾ ಇದು."

"ಪೆನ್‌ಡ್ರೈವಲ್ಲಿ ಮನೆಗೆ ತಗೊಂಡು ಹೋಗಿದ್ರಾ?"

"ದಿನಾ ತಗೊಂಡು ಹೋಗ್ತೀನಿ."

ಪೆನ್‌ಡ್ರೈವಿಗೆ ಹೋಗಿ ಬಂದ ಫೈಲ್ 'ನನ್ನನ್ನು ಓಡಿಸಬಹುದು' ಎಂಬ ಗುರುತನ್ನು ಕಳೆದುಕೊಂಡು ಬರುತ್ತದೆ. ಒಂದು ಚಿಕ್ಕ ಆಜ್ಞೆ ಕೊಟ್ಟು ಆ ಗುರುತನ್ನು ಮತ್ತೆ ಹಾಕಬೇಕು. ಮೊದಲನೇ ವರ್ಷದ ಮಕ್ಕಳಿಗೂ ಗೊತ್ತಿರುವ ಸಂಗತಿ. ಅದನ್ನು ಆ ಮಕ್ಕಳಿಗೆ ಹೇಳಿಕೊಟ್ಟವರೇ ಅವರು. ದಿವ್ಯಶ್ರೀ ಕಾದಳು, ಈಗ ಬರೆಯುತ್ತಾರೆ, ಈಗ ಬರೆಯುತ್ತಾರೆ ಎಂದು. ಅವರ ಬೆರಳುಗಳು ಕೀಬೋರ್ಡಿನ ಮೇಲೆ ಸುಮ್ಮನೆ ನಿಂತಿದ್ದವು.

"ನಾನು ನೋಡ್ಲಾ ಸರ್?"

"ನನ್ನ ಸ್ಕ್ರಿಪ್ಟು ನನಗೆ ಬರಲ್ವಾ?" ಎಂದರು ಒರಟಾಗಿ. ಅಷ್ಟು ವರ್ಷಗಳಲ್ಲಿ ಅವರು ಅವಳೊಂದಿಗೆ ಹಾಗೆ ಮಾತಾಡಿದ್ದೇ ಇಲ್ಲ. ತಾವೇ ಆಡಿದ ಮಾತಿಗೆ ಬೆಚ್ಚಿದವರಂತೆ ಅವಳ ಮುಖ ನೋಡಿದರು. ಆಮೇಲೆ ಚೀಲವನ್ನು ಎದೆಗವಚಿಕೊಂಡು ಎದ್ದು ಕುರ್ಚಿ ಬಿಟ್ಟುಕೊಟ್ಟರು.

ಅವಳು ಕೂತು ಪರ್ಮಿಷನ್ ಕೊಟ್ಟಳು, ಓಡಿಸಿದಳು. ಈಗ ಬೇರೆ ತಕರಾರು: ಅಂಥ ಫೈಲೇ ಇಲ್ಲ. ಫೈಲ್ ಕಣ್ಣೆದುರಿಗೇ ಇದೆ, ಇಲ್ಲ ಅನ್ನುತ್ತಿದೆ. ಅದಕ್ಕೂ ಕಾರಣ ಅವಳಿಗೆ ಗೊತ್ತಿತ್ತು. ಮನೆಯ ಕಂಪ್ಯೂಟರಿನಲ್ಲಿರುವುದು ವಿಂಡೋಸ್. ಅಲ್ಲಿ ತಿದ್ದಿದರೆ ಪ್ರತಿ ಸಾಲಿನ ಕೊನೆಗೂ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಕೊಳ್ಳುತ್ತದೆ. ಲ್ಯಾಬಿನ ಸರ್ವರಿನಲ್ಲಿರುವ ಯೂನಿಕ್ಸ್ ಅದನ್ನೂ ಹೆಸರಿನ ಭಾಗವೆಂದುಕೊಂಡು ಹುಡುಕುತ್ತದೆ, ಸಿಗದೆ ನಿಂತುಬಿಡುತ್ತದೆ. ದಿನಾ ತಂದ ತಕ್ಷಣ ಆ ಅಕ್ಷರಗಳನ್ನು ತೆಗೆಯುವುದು ಸರ್‌ಗೆ ಮುಖ ತೊಳೆಯುವಷ್ಟು ಅಭ್ಯಾಸದ ಕೆಲಸ. ಇವತ್ತು ಅದೂ ಆಗಿಲ್ಲ.

ಒಂದು ತಪ್ಪು ಯಾರಿಗಾದರೂ ಆಗುತ್ತದೆ. ಎರಡನೆಯದನ್ನು ಕಂಡಾಗ ದಿವ್ಯಶ್ರೀಗೆ ಹಿಂದಿನದೆಲ್ಲ ನೆನಪಾಗತೊಡಗಿತು. ಮದುವೆ ಆಯ್ತೇನಮ್ಮಾ ಎಂದು ಅವರು ಜೂನ್‌ನಿಂದ ಮೂರು ಸಲ ಕೇಳಿದ್ದರು. ಅವಳ ಮದುವೆಗೆ ಬಂದು ಊಟ ಮಾಡಿ ಹೋಗಿದ್ದವರು. ಅವರು ತುಂಬಬೇಕಾದ ಹಾಜರಿ ಪುಸ್ತಕದಲ್ಲಿ ಒಂದು ವಾರ ಪೂರ್ತಿ ಖಾಲಿ ಇತ್ತು. ವಯಸ್ಸು ಇನ್ನೂ ಐವತ್ತೇಳು, ಸುಸ್ತು ಇರಬೇಕು ಎಂದುಕೊಂಡು ಅವಳೇ ತುಂಬಿಸಿದ್ದಳು.

ಬಾಗಿಲಲ್ಲಿ ಪ್ರಿನ್ಸಿಪಾಲ್ ರೇವಣಸಿದ್ದಪ್ಪನವರು ಕಾಣಿಸಿಕೊಂಡರು. "ಏನ್ ಸ್ವಾಮಿಗಳೇ, ಎಕ್ಸ್‌ಟರ್ನಲ್ ಎಕ್ಸಾಮಿನರ್ ಬಂದು ಕಾಫಿ ಕುಡಿದೂ ಆಯ್ತು. ಹುಡುಗ್ರು ಹೊರಗೆ ನಿಂತವ್ರೆ. ಇನ್ನೂ ಎಷ್ಟೊತ್ತು?"

ಅನಂತಸ್ವಾಮಿ ಪ್ರಿನ್ಸಿಪಾಲರನ್ನೇ ನೋಡಿದರು. ಯಾರೆಂದು ಗೊತ್ತಾಗದವರ ನೋಟ ಅದು.

"ಕೇಬಲ್ ಸಡಿಲ ಆಗಿತ್ತು ಸರ್, ನಾನೇ ಬಿಚ್ಚಿ ಹಾಕಿಬಿಟ್ಟೆ," ಎಂದಳು ದಿವ್ಯಶ್ರೀ. "ಐದು ನಿಮಿಷ ಕೊಡಿ."

"ಪರೀಕ್ಷೆ ದಿನಾನೇ ಬಿಚ್ಚಬೇಕಾಗಿತ್ತೇನಮ್ಮ?" ಎಂದು ಗೊಣಗಿಕೊಂಡು ಅವರು ಹೋದರು.

ಅವಳು ಆ ಕಾಣದ ಅಕ್ಷರಗಳನ್ನು ತೆಗೆದು ಮತ್ತೆ ಓಡಿಸಿದಳು. ಸ್ಕ್ರಿಪ್ಟ್ ಶುರುವಾಯಿತು. ಕಂಪ್ಯೂಟರುಗಳ ಹೆಸರು ಒಂದೊಂದೇ ಪರದೆಯ ಮೇಲೆ ಏರಿದವು. ಆಮೇಲೆ ಥಟ್ಟನೆ ನಿಂತಿತು.

ಸಾಲು ಅರವತ್ತೊಂದು. ರಂಗನಾಯಕಿ: ಕಮಾಂಡ್ ನಾಟ್ ಫೌಂಡ್.

ರಂಗನಾಯಕಿ ಎಂಬ ಆಜ್ಞೆ ಕಂಪ್ಯೂಟರಿಗೆ ಎಲ್ಲೂ ಸಿಗುತ್ತಿಲ್ಲ ಎಂದು ಅದರ ಅರ್ಥ. ರಂಗನಾಯಕಿ ಸರ್ ಅವರ ಹೆಂಡತಿ, ಬೇಲೂರಿನಲ್ಲಿ ಪ್ರೈಮರಿ ಶಾಲೆಯ ಟೀಚರ್. ದಿವ್ಯಶ್ರೀ ಹಿಂತಿರುಗಿ ನೋಡಿದಳು. ಸರ್ ಕಿಟಕಿಯ ಹತ್ತಿರ ನಿಂತು ಚಿಲಕವನ್ನು ತೆಗೆಯುವುದು, ಹಾಕುವುದು ಮಾಡುತ್ತಿದ್ದರು. ಅವಳು ಫೈಲ್ ತೆರೆದಳು.

ಸ್ಕ್ರಿಪ್ಟಿನಲ್ಲಿ ಸಾಲಿನ ಮೊದಲಿಗೆ ಹ್ಯಾಷ್ ಗುರುತು ಹಾಕಿದರೆ ಕಂಪ್ಯೂಟರ್ ಆ ಸಾಲನ್ನು ಓದದೆ ಮುಂದೆ ಹೋಗುತ್ತದೆ. ಅದು ಮನುಷ್ಯರಿಗಾಗಿ ಬರೆದ ಟಿಪ್ಪಣಿ. ಹಿಂದೆ ಅಲ್ಲಿ ಇದ್ದದ್ದು ಯಾವ ಆಜ್ಞೆ ಏತಕ್ಕೆ ಎಂಬ ಒಂದೆರಡು ಮಾತು. ಈಗ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡದ ಸಾಲುಗಳು ಉದ್ದಕ್ಕೂ ಸೇರಿಕೊಂಡಿದ್ದವು.

ಅರಸೀಕೆರೆ ಕೊನೇ ಸ್ಟಾಪು. ಎಲ್ಲರೂ ಇಳಿದ ಮೇಲೆ ಇಳಿ. ಜಾವಗಲ್ಲಲ್ಲಿ ಇಳೀಬೇಡ.

ಪ್ರಿನ್ಸಿಪಾಲ್ ಹೆಸರು ರೇವಣಸಿದ್ದಪ್ಪ. ಬಂದು ಎರಡು ವರ್ಷ ಆಯ್ತು.

ಊಟ ಆಗಿದ್ದರೆ ಡಬ್ಬಿ ಖಾಲಿ ಇರುತ್ತೆ. ತೆಗೆದು ನೋಡು.

ದಿವ್ಯಶ್ರೀ ಜಾವಗಲ್ ಹುಡುಗಿ. ನನ್ನ ಸ್ಟೂಡೆಂಟ್. ಮದುವೆ ಆಗಿದೆ, ಗಂಡ ಲೋಕೇಶ್. ಮತ್ತೆ ಕೇಳಿ ನೋಯಿಸಬೇಡ.

ಹೀಗೇ ಇಪ್ಪತ್ತಕ್ಕೂ ಹೆಚ್ಚು. ಎಲ್ಲದರ ಮುಂದೆಯೂ ಹ್ಯಾಷ್ ಇತ್ತು, ಅರವತ್ತೊಂದನೆಯದೊಂದನ್ನು ಬಿಟ್ಟು. ಅಲ್ಲಿ ಹೀಗೆ ಬರೆದಿತ್ತು:

ರಂಗನಾಯಕಿ ಹತ್ತಿರ ವೇದಾಂತ್ ಎಲ್ಲಿ ಅಂತ ಕೇಳಬೇಡ. ವೇದಾಂತ್ ಇಲ್ಲ.

ವೇದಾಂತ್ ಅವರ ಒಬ್ಬನೇ ಮಗ. ದಿವ್ಯಶ್ರೀ ಎರಡನೇ ವರ್ಷದಲ್ಲಿದ್ದಾಗ ಡೆಂಗಿ ಜ್ವರ ಬಂದು ಐದು ದಿನದಲ್ಲಿ ಹೋಗಿಬಿಟ್ಟ, ಹನ್ನೊಂದು ವರ್ಷದವನು. ಕ್ಲಾಸಿನವರೆಲ್ಲ ಬಸ್ಸು ಮಾಡಿಕೊಂಡು ಬೇಲೂರಿಗೆ ಹೋಗಿದ್ದರು. ಇಪ್ಪತ್ತು ದಿನ ಕಳೆದು ಸರ್ ಬಂದು, ನಿಲ್ಲಿಸಿದ್ದ ಕಡೆಯಿಂದಲೇ ಪಾಠ ಮುಂದುವರಿಸಿದರು. ಅಂದಿನಿಂದ ಇಂದಿನವರೆಗೆ ಕಾಲೇಜಿನಲ್ಲಿ ಅವರ ಬಾಯಲ್ಲಿ ಆ ಹೆಸರು ಬಂದದ್ದನ್ನು ಅವಳು ಕೇಳಿರಲಿಲ್ಲ.

ಅವಳಿಗೆ ಪರದೆ ಮಂಜಾಯಿತು. ಹೊರಗೆ ವಿದ್ಯಾರ್ಥಿಗಳ ಗದ್ದಲ ಕೇಳುತ್ತಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡು ಆ ಸಾಲಿನ ಮುಂದೆ ಒಂದು ಹ್ಯಾಷ್ ಹಾಕಿದಳು. ಸ್ಕ್ರಿಪ್ಟ್ ಕೊನೆಯವರೆಗೂ ಓಡಿತು. ಮೂವತ್ತು ಪರದೆಗಳ ಮೇಲೂ ಪ್ರಶ್ನೆಪತ್ರಿಕೆ ಬಂತು.

"ಆಯ್ತು ಸರ್. ಎಲ್ಲಾ ಸರಿ ಐತೆ," ಎಂದಳು. ಕಾಲೇಜಿನಲ್ಲಿ ಅವಳ ಬಾಯಲ್ಲಿ ಊರಿನ ಮಾತು ಬರುತ್ತಿದ್ದದ್ದು ತೀರಾ ಅಪರೂಪ.

"ಏನಾಗಿತ್ತು?"

"ಒಂದು ಹ್ಯಾಷ್ ಬಿಟ್ಟುಹೋಗಿತ್ತು."

ಅವರು ಅವಳನ್ನೇ ನೋಡುತ್ತಾ ನಿಂತರು. ಮುಖ ಬಿಳಿಚಿಕೊಂಡಿತು.

ಪರೀಕ್ಷೆ ಮುಗಿಯುವಾಗ ನಾಲ್ಕು ಗಂಟೆ. ದಿವ್ಯಶ್ರೀ ಗಂಡನಿಗೆ ಫೋನ್ ಮಾಡಿ, ಅಪ್ಪನ ಮನೆಗೆ ಹೋಗಿ ಬರುತ್ತೇನೆ ಎಂದು ಸುಳ್ಳು ಹೇಳಿ, ಸರ್ ಜೊತೆ ಬೇಲೂರಿನ ಬಸ್ಸು ಹತ್ತಿದಳು. ತೆಂಗಿನ ತೋಟಗಳು ಶುರುವಾದ ಮೇಲೆ ಅವರೇ ಕೇಳಿದರು.

"ಓದಿದೆ ಅಲ್ವಾ?"

"ಹೂಂ ಸರ್."

"ಎಲ್ಲಾನೂ?"

"ಎಲ್ಲಾನೂ."

"ಪುಸ್ತಕದಲ್ಲಿ ಬರೆದಿಟ್ರೆ ಪುಸ್ತಕ ಎಲ್ಲಿಟ್ಟೆ ಅಂತ ಮರೆತುಹೋಗುತ್ತೆ. ಫೋನಲ್ಲಿ ಬರೆದ್ರೆ ಅವಳು ನೋಡ್ತಾಳೆ. ಇದನ್ನ ಮಾತ್ರ ದಿನಾ ತೆಗೀತೀನಿ. ನಾನು ಯೋಚನೆ ಮಾಡೋದೇ ಬೇಡ, ಕೈಯೇ ತೆಗೆಯುತ್ತೆ." ಬೆರಳುಗಳನ್ನು ನೋಡಿಕೊಂಡು, "ಇವತ್ತು ಕೈಗೂ ಗೊತ್ತಾಗ್ಲಿಲ್ಲ ಕಣಮ್ಮ," ಎಂದರು.

"ಎಷ್ಟು ದಿನದಿಂದ ಸರ್?"

"ಅದನ್ನ ಬರೆದಿಟ್ಟಿಲ್ಲ." ನಗಲು ನೋಡಿದರು, ಆಗಲಿಲ್ಲ. "ರಂಗನಾಯಕಿಗೆ ಹೇಳಬೇಡ. ಬರೀ ಸುಸ್ತು ಅಂತ ಅವಳಿಗೆ ಹೇಳಿದೀನಿ. ಬಿ ಟ್ವೆಲ್ವ್ ಮಾತ್ರೆ ತಂದುಕೊಟ್ಟಿದಾಳೆ."

ದಿವ್ಯಶ್ರೀ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಜಾವಗಲ್ಲಿನಲ್ಲಿ ಬಸ್ಸು ನಿಂತಾಗ ಅವರು ಎದ್ದು ನಿಂತರು. ಅವಳು ತೋಳು ಹಿಡಿದು ಕೂರಿಸಿದಳು. ಹಳೇಬೀಡು ದಾಟಿ ಬೇಲೂರು ತಲುಪುವವರೆಗೂ ಆ ಕೈ ಬಿಡಲಿಲ್ಲ.

ಮನೆ ದೇವಸ್ಥಾನದ ಹಿಂದಿನ ಬೀದಿಯಲ್ಲಿ. ಬಾಗಿಲು ತೆಗೆದ ರಂಗನಾಯಕಿಯವರ ಕಣ್ಣು ಊದಿಕೊಂಡಿದ್ದವು. ದಿವ್ಯಶ್ರೀಯನ್ನು ಕಂಡು ಅವರು ಏಕೆ ಬಂದೆ ಎಂದು ಕೇಳಲಿಲ್ಲ. ಸರ್ ಕೈಕಾಲು ತೊಳೆಯಲು ಹೋದಾಗ ಅಡುಗೆಮನೆಗೆ ಕರೆದು, ಒಲೆಯ ಮೇಲೆ ಹಾಲಿಟ್ಟರು.

"ಕಾಲೇಜಲ್ಲಿ ಏನಾದ್ರೂ ಆಯ್ತಾ?"

"ಅಮ್ಮ, ಸರ್‌ಗೆ..." ಎಂದಳು ದಿವ್ಯಶ್ರೀ.

"ಗೊತ್ತು ನನಗೆ. ನನಗೆ ಗೊತ್ತಿಲ್ಲ ಅಂತ ಅವರು ಅಂದ್ಕೊಂಡಿದಾರೆ. ಹಾಗೇ ಇರಲಿ ಅಂತ ಬಿಟ್ಟಿದ್ದೆ." ಅವರು ಹಾಲಿನ ಪಾತ್ರೆಯನ್ನೇ ನೋಡುತ್ತಾ ಮಾತಾಡಿದರು. "ಆರು ತಿಂಗಳಿಂದ ಆಗಾಗ ಮಗೂನ ಕೇಳ್ತಾರೆ. ಇನ್ನೂ ಬರ್ಲಿಲ್ವಾ ಅಂತ. ನಾನು ಮಾತು ಬದಲಾಯಿಸ್ತಿದ್ದೆ. ನೆನ್ನೆ ಊಟಕ್ಕೆ ಕೂತು, ಅವನು ಬರೋವರೆಗೂ ನಾನು ತಿನ್ನಲ್ಲ ಅಂತ ಹಟ ಹಿಡಿದ್ರು. ಶಾಲೆಯಲ್ಲಿ ಆರು ಪೀರಿಯಡ್ ಕೂಗಿ ಬಂದಿದ್ದೆ. ತಡ್ಕೊಳ್ಳೋಕಾಗ್ಲಿಲ್ಲ. ಅವನು ಸತ್ತು ಹನ್ನೆರಡು ವರ್ಷ ಆಯ್ತು, ಬೆಂಕಿ ಇಟ್ಟಿದ್ದು ನೀವೇ ಅಂದೆ."

ಹಾಲು ಉಕ್ಕಿ ಬಂತು. ದಿವ್ಯಶ್ರೀಯೇ ಒಲೆ ಆರಿಸಿದಳು.

"ಆಗತಾನೆ ಯಾರೋ ಬಂದು ಸುದ್ದಿ ಹೇಳಿದ ಹಾಗೆ ನೋಡಿದ್ರು ಕಣೇ. ಅವತ್ತು ಆಸ್ಪತ್ರೆಯಲ್ಲಿ ಹೆಂಗೆ ಅತ್ತಿದ್ರೋ ಹಂಗೇ ಅತ್ತರು. ನಾನೇ ಮತ್ತೆ ಒಂದು ಸಲ ಸಾಯಿಸಿದ ಹಾಗಾಯ್ತು. ಆಮೇಲೆ ಎದ್ದು ಹೋಗಿ ಕಂಪ್ಯೂಟರ್ ಮುಂದೆ ಕೂತ್ರು. ಪರೀಕ್ಷೆ ಕೆಲಸ ಇರಬೇಕು ಅಂದ್ಕೊಂಡೆ."

ಆ ಸಾಲು ಯಾವಾಗ ಬಂತು, ಹ್ಯಾಷ್ ಏಕೆ ಬಿಟ್ಟುಹೋಯಿತು ಎಂದು ದಿವ್ಯಶ್ರೀಗೆ ಆಗ ಅರ್ಥವಾಯಿತು. ಬಸ್ಸಿನಲ್ಲಿ ಅವರು ಕೇಳಿಕೊಂಡದ್ದು ನೆನಪಿತ್ತು. ಆದರೂ ಹೇಳಿದಳು. ಫೈಲಿನಲ್ಲಿ ಏನೇನಿತ್ತು, ಅರವತ್ತೊಂದರಲ್ಲಿ ಏನಿತ್ತು, ಎಲ್ಲವನ್ನೂ.

ರಂಗನಾಯಕಿ ಹಾಲಿಗೆ ಡಿಕಾಕ್ಷನ್ ಬೆರೆಸಿದರು. ಮೂರು ಲೋಟಗಳಿಗೆ ಕಾಫಿ ಬಗ್ಗಿಸಿದರು. "ನನಗೆ ನೋವಾಗಬಾರದು ಅಂತ ಬರೆದುಕೊಂಡಿದಾರೆ," ಎಂದರು ಕೊನೆಗೆ. "ಅಷ್ಟು ಅಳುತ್ತಾ ಇದ್ದವರು." ಲೋಟಗಳನ್ನು ಕಟ್ಟೆಯ ಮೇಲೇ ಬಿಟ್ಟರು. ಅವರು ಹಾಗೇ ನೆಲದ ಮೇಲೆ ಕೂತುಬಿಟ್ಟರು. ದಿವ್ಯಶ್ರೀ ಪಕ್ಕದಲ್ಲಿ ಕೂತಳು. ಹೊರಗೆ ಬಚ್ಚಲಿನಲ್ಲಿ ನಲ್ಲಿಯ ನೀರು ಬಹಳ ಹೊತ್ತಿನಿಂದ ಸುರಿಯುತ್ತಲೇ ಇತ್ತು, ಯಾರೂ ನಿಲ್ಲಿಸುತ್ತಿರಲಿಲ್ಲ.

ಮುಂದಿನ ವಾರ ಹಾಸನದಲ್ಲಿ ತಲೆಯ ಸ್ಕ್ಯಾನ್ ಆಯಿತು. ಮೆದುಳು ಸವೆಯುವ ಕಾಯಿಲೆ, ಈ ವಯಸ್ಸಿಗೆ ಅಪರೂಪ, ಆದರೆ ಬಂದಿದೆ ಎಂದರು ಡಾಕ್ಟರು. ನಿಧಾನ ಮಾಡಬಹುದು, ನಿಲ್ಲಿಸಲು ಆಗುವುದಿಲ್ಲ. ಅನಂತಸ್ವಾಮಿ ಸ್ವಯಂ ನಿವೃತ್ತಿಗೆ ಬರೆದುಕೊಟ್ಟರು. ಅರ್ಜಿಯ ಅಕ್ಷರ ಎಂದಿನಂತೆ ಮುತ್ತಿನ ಹಾಗಿತ್ತು.

ಬೀಳ್ಕೊಡುಗೆಯ ದಿನ ಸೆಮಿನಾರ್ ಹಾಲಿನಲ್ಲಿ ಎಲ್ಲರೂ ಸೇರಿದ್ದರು. ಶಾಲು ಹೊದಿಸಿ, ಹಾರ ಹಾಕಿ ಕೂರಿಸಿದ ಮೇಲೆ ಅವರು ಪಕ್ಕದಲ್ಲಿದ್ದ ದಿವ್ಯಶ್ರೀಯತ್ತ ಬಾಗಿ ಕೇಳಿದರು.

"ಇವತ್ತು ಯಾರದಮ್ಮ ರಿಟೈರ್‌ಮೆಂಟು?"

"ನಿಮ್ಮದೇ ಸರ್."

"ಓ." ತಲೆಯಾಡಿಸಿದರು. "ಹಾಗಾದ್ರೆ ನಾನು ಮಾತಾಡಬೇಕಾಗುತ್ತೆ."

ಎದ್ದು ನಿಂತು ಐದಾರು ನಿಮಿಷ ಮಾತಾಡಿದರು. ಎಲ್ಲೂ ತಡವರಿಸಲಿಲ್ಲ. ಕಂಪ್ಯೂಟರ್ ಕೊಡುವ ತಪ್ಪಿನ ಸಂದೇಶವನ್ನು ಕಂಡರೆ ಹೆದರಬೇಡಿ, ಅದು ಬೈಗುಳ ಅಲ್ಲ, ಎಲ್ಲಿ ನೋಡಬೇಕು ಅಂತ ತೋರಿಸೋದು ಅಷ್ಟೇ ಎಂದರು. ಹುಡುಗರು ಜೋರಾಗಿ ಚಪ್ಪಾಳೆ ತಟ್ಟಿದರು. ರೇವಣಸಿದ್ದಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. ದಿವ್ಯಶ್ರೀಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಲ್ಯಾಬಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ಟಿಪ್ಪಣಿಗಳನ್ನು ಬರೆದುಕೊಡು ಎಂದು ರಂಗನಾಯಕಿ ಕೇಳಿದ್ದರು. ದಿವ್ಯಶ್ರೀ ಅವನ್ನೆಲ್ಲ ಕನ್ನಡ ಅಕ್ಷರಗಳಲ್ಲಿ ದಪ್ಪಗೆ ಬರೆದಳು. ಅರವತ್ತೊಂದನೆಯದನ್ನು ಬಿಟ್ಟುಬಿಡಲೇ ಎಂದು ಪೆನ್ನು ಹಿಡಿದು ಕೂತಿದ್ದಳು. ಕೊನೆಗೆ ಅದನ್ನೂ ಬರೆದಳು. ಅದು ಅವರ ಗಂಡ ಅವರಿಗಾಗಿ ಬರೆದದ್ದು, ತಡೆಹಿಡಿಯಲು ತಾನು ಯಾರು ಅನ್ನಿಸಿತು.

ಡಿಸೆಂಬರಿನ ಒಂದು ಭಾನುವಾರ ಮಧ್ಯಾಹ್ನ ಅವಳು ಮತ್ತೆ ಬೇಲೂರಿಗೆ ಹೋದಳು. ಸರ್ ಜಗಲಿಯ ಮೇಲೆ ಬಿಸಿಲಿಗೆ ಕೂತಿದ್ದರು. ಸ್ವಲ್ಪ ಇಳಿದುಹೋಗಿದ್ದರು. ಅವಳನ್ನು ಕಂಡು ಎದ್ದು ಕೈಮುಗಿದರು.

"ಯಾರು ಬೇಕಾಗಿತ್ತು ತಮಗೆ?"

ಹದಿಮೂರು ವರ್ಷ ನೀನು ಎಂದೇ ಮಾತಾಡಿಸಿದವರು. ದಿವ್ಯಶ್ರೀ ಚಪ್ಪಲಿ ಬಿಟ್ಟು ಹತ್ತಿರ ಹೋದಳು. "ನಾನು ದಿವ್ಯಶ್ರೀ ಸರ್. ನಿಮ್ಮ ಸ್ಟೂಡೆಂಟ್. ಜಾವಗಲ್."

"ಹೌದಾ? ಕೂತ್ಕೊಳ್ಳಿ, ಕೂತ್ಕೊಳ್ಳಿ. ನಮ್ಮ ಹುಡುಗ ಬರೋ ಹೊತ್ತಾಯ್ತು. ಅವನಿಗೂ ಕಂಪ್ಯೂಟರ್ ಅಂದ್ರೆ ಪ್ರಾಣ." ಒಳಗೆ ತಿರುಗಿ, "ರಂಗಾ, ವೇದಾಂತ್ ಇನ್ನೂ ಬಂದಿಲ್ವಾ?" ಎಂದು ಕೂಗಿದರು.

ದಿವ್ಯಶ್ರೀ ಒಳಬಾಗಿಲ ಕಡೆ ನೋಡಿದಳು.

ರಂಗನಾಯಕಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಮುಖದಲ್ಲಿ ಯಾವ ಬದಲಾವಣೆಯೂ ಇರಲಿಲ್ಲ. "ಟ್ಯೂಷನ್ ಇದೆಯಲ್ಲಾ ಇವತ್ತು. ಮುಗಿಸಿಕೊಂಡು ಆರಕ್ಕೆ ಬರ್ತಾನೆ," ಎಂದರು.

"ಹಂಗಾದ್ರೆ ಸರಿ," ಎಂದು ಸರ್ ಸಮಾಧಾನದಿಂದ ಗೋಡೆಗೆ ಒರಗಿದರು.

ದಿವ್ಯಶ್ರೀ ಒಳಗೆ ಸ್ವಲ್ಪ ಹೊತ್ತು ಕೂತು ಹೊರಡಲು ಎದ್ದಳು. ರಂಗನಾಯಕಿ ಶಾಲೆಯ ಕೆಲಸ ಬಿಟ್ಟಿದ್ದರು. ಬೀದಿಯ ತಿರುವಿನವರೆಗೆ ಮಾತ್ರ ಬರುತ್ತೇನೆ, ಒಬ್ಬರನ್ನೇ ಬಿಟ್ಟು ದೂರ ಹೋಗುವ ಹಾಗಿಲ್ಲ ಎಂದು ಅವಳ ಜೊತೆ ಹೊರಟರು. ತಿರುವಿನಲ್ಲಿ ನಿಂತು, ಮನೆಯ ಕಡೆಗೇ ಕಣ್ಣಿಟ್ಟುಕೊಂಡು ಹೇಳಿದರು.

"ಇನ್ನೊಂದು ಸಲ ಆ ಸುದ್ದಿ ಹೇಳೋಕೆ ನನ್ನಿಂದ ಆಗಲ್ಲ ದಿವ್ಯ. ಒಂದಿನ ಟ್ಯೂಷನ್ ಅಂತೀನಿ, ಒಂದಿನ ಆಟಕ್ಕೆ ಹೋಗಿದಾನೆ ಅಂತೀನಿ. ಖುಷಿಯಾಗಿ ಕಾಯ್ತಾರೆ. ಆರು ಗಂಟೆ ಹೊತ್ತಿಗೆ ಕೇಳಿದ್ದೇ ನೆನಪಿರಲ್ಲ."

"ಒಳ್ಳೇದೇ ಮಾಡಿದೀರ ಅಮ್ಮ."

"ಅವರಿಗೆ ಒಳ್ಳೇದು," ಎಂದರು ರಂಗನಾಯಕಿ. "ಪ್ರತಿ ವರ್ಷ ಅವನು ಹೋದ ದಿನ ನಾವಿಬ್ಬರೂ ಬಾಗಿಲು ಹಾಕಿಕೊಂಡು ಕೂತಿರ್ತಿದ್ವಿ. ಮಾತೇನೂ ಇರ್ತಿರಲಿಲ್ಲ. ಪಕ್ಕದಲ್ಲಿ ಅವರಿರ್ತಿದ್ರು, ಅಷ್ಟೇ. ಈ ಸಲ ಆ ದಿನ ಬಂತು. ಇವರು ಜಗಲಿ ಮೇಲೆ ನಗ್ತಾ ಕೂತಿದ್ರು, ಮಗ ಬರ್ತಾನೆ ಅಂತ. ನಾನು ಅಡುಗೆಮನೆಯಲ್ಲಿ ಒಬ್ಬಳೇ ಅತ್ತೆ."

ದಿವ್ಯಶ್ರೀ ಅವರ ಕೈ ಹಿಡಿದುಕೊಂಡಳು. ಅದು ತಣ್ಣಗಿತ್ತು, ಇನ್ನೂ ಪಾತ್ರೆ ತೊಳೆದ ಒದ್ದೆ. ಆ ವೇಳೆಗೆ ಜಗಲಿಯಿಂದ ಸರ್ ಎದ್ದು ಬೀದಿಗೆ ಇಳಿದು, ಆಚೆ ಈಚೆ ನೋಡುತ್ತಾ ನಿಂತದ್ದು ಕಾಣಿಸಿತು.

"ರಂಗಾ," ಎಂದು ಕರೆದರು.

"ಅಲ್ಲೇ ಇರಿ, ಬಂದೆ," ಎಂದು ರಂಗನಾಯಕಿ ಕೈ ಬಿಡಿಸಿಕೊಂಡು ಬೇಗ ಬೇಗ ಹೆಜ್ಜೆ ಹಾಕಿದರು.